ಗೌಟ್ ಮತ್ತು ಯೂರಿಕ್ ಆಮ್ಲ: ಪಥ್ಯವನ್ನು ಯಾವ ಕ್ರಮದಲ್ಲಿ ಮಾಡಬೇಕು

ರಕ್ತ ಪರೀಕ್ಷೆಯ ವರದಿಯಲ್ಲಿ ಯೂರಿಕ್ ಆಮ್ಲದ ಅಂಕಿ ಮಿತಿ ಮೀರಿದ್ದು ಕಂಡ ಕೂಡಲೇ ಹೆಚ್ಚಿನವರು ಕೇಳುವ ಪ್ರಶ್ನೆ ‘ನಾನು ಏನೇನು ತಿನ್ನುವುದನ್ನು ಬಿಡಬೇಕು?’ ಎಂಬುದು. ಈ ಪ್ರಶ್ನೆ ಹೊತ್ತು ಬರುವ ಪತ್ರಗಳಲ್ಲಿ ಬಹುಪಾಲು ಓದುಗರು ಆಗಲೇ ಯಾರೋ ಕೊಟ್ಟ ಉದ್ದನೆಯ ಪಟ್ಟಿಯೊಂದನ್ನು ಪಾಲಿಸಲು ಶುರುಮಾಡಿರುತ್ತಾರೆ: ಬೇಳೆಕಾಳು ಬೇಡ, ಪಾಲಕ್ ಬೇಡ, ಹೂಕೋಸು ಬೇಡ, ಅಣಬೆ ಬೇಡ, ಟೊಮೇಟೊ ಬೇಡ, ಕೆಲವರಿಗೆ ಹಾಲು ಮೊಟ್ಟೆಗಳೂ ಬೇಡ. ಆದರೆ ಅದೇ ಪತ್ರದಲ್ಲಿ, ಊಟ ಕಡಿಮೆಯಾದದ್ದರಿಂದ ಶಕ್ತಿಗೆಂದು ಸಿಹಿ ಹಾಕಿದ ಹಣ್ಣಿನ ರಸ ಕುಡಿಯುತ್ತಿರುವ ವಿಷಯವೂ, ವಾರಾಂತ್ಯದ ಬಿಯರ್ ಎಂದಿನಂತೆ ಮುಂದುವರಿದಿರುವ ವಿಷಯವೂ ಇರುತ್ತದೆ. ಹೀಗೆ ನಿರುಪದ್ರವಿಯಾದದ್ದನ್ನು ಬಿಟ್ಟು ಉಪದ್ರವಿಯಾದದ್ದನ್ನು ಉಳಿಸಿಕೊಂಡರೆ ಪಥ್ಯದ ಕಷ್ಟವಷ್ಟೇ ಸಿಗುತ್ತದೆ, ಅಂಕಿ ಕದಲುವುದಿಲ್ಲ. ಆದ್ದರಿಂದ ಯಾವುದನ್ನು ಮೊದಲು ಬದಲಿಸಬೇಕು, ಯಾವುದನ್ನು ಆಮೇಲೆ ನೋಡಬಹುದು, ಯಾವುದನ್ನು ಮುಟ್ಟುವ ಅಗತ್ಯವೇ ಇಲ್ಲ ಎಂಬ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಕೊಟ್ಟಿದೆ.

ಮೂತ್ರಪಿಂಡದ ಕಾಯಿಲೆ, ಹೃದಯ ವೈಫಲ್ಯ ಅಥವಾ ಇನ್ಸುಲಿನ್ ಬೇಕಾಗುವ ಮಧುಮೇಹ ಇರುವವರು ಮತ್ತು ಗರ್ಭಿಣಿಯರು ನೀರು, ಪ್ರೋಟೀನ್ ಹಾಗೂ ತೂಕ ಇಳಿಸುವ ವಿಷಯದಲ್ಲಿ ಇಲ್ಲಿನ ಮಾತನ್ನು ನೇರವಾಗಿ ಅನುಸರಿಸದೆ ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಮೊದಲು ತಿಳಿದಿರಬೇಕಾದದ್ದು

ಪ್ಯೂರಿನ್ ಎಂಬುದು ಪ್ರತಿಯೊಂದು ಜೀವಕೋಶದಲ್ಲೂ ಇರುವ, ಡಿಎನ್‌ಎಯ ರಚನೆಯಲ್ಲಿ ಪಾಲ್ಗೊಳ್ಳುವ ಸಾರಜನಕಯುಕ್ತ ವಸ್ತು. ನಮ್ಮದೇ ದೇಹದ ಹಳೆಯ ಕೋಶಗಳು ಸತ್ತಾಗಲೂ, ತಿಂದ ಆಹಾರದಲ್ಲಿನ ಕೋಶಗಳು ಜೀರ್ಣವಾದಾಗಲೂ ಈ ಪ್ಯೂರಿನ್ ಒಡೆದು ಕೊನೆಗೆ ಯೂರಿಕ್ ಆಮ್ಲವಾಗುತ್ತದೆ. ಬಹುತೇಕ ಸಸ್ತನಿಗಳಲ್ಲಿ ಯೂರಿಕೇಸ್ ಎಂಬ ಕಿಣ್ವವು ಇದನ್ನು ಇನ್ನಷ್ಟು ಒಡೆದು ಸುಲಭವಾಗಿ ಕರಗುವ ವಸ್ತುವನ್ನಾಗಿ ಮಾಡುತ್ತದೆ. ಮನುಷ್ಯರಲ್ಲಿ ಆ ಕಿಣ್ವ ಇಲ್ಲದಿರುವುದರಿಂದ ಯೂರಿಕ್ ಆಮ್ಲವನ್ನು ಹಾಗೆಯೇ ಹೊರಹಾಕಬೇಕಾಗುತ್ತದೆ. ಸುಮಾರು ಮೂರನೇ ಎರಡು ಪಾಲು ಮೂತ್ರಪಿಂಡಗಳ ಮೂಲಕವೂ ಉಳಿದದ್ದು ಕರುಳಿನ ಮೂಲಕವೂ ಹೋಗುತ್ತದೆ.

ರಕ್ತದಲ್ಲಿ ಇದರ ಪ್ರಮಾಣ ಪ್ರತಿ ಡೆಸಿಲೀಟರ್‌ಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ, ಲೋಟದ ನೀರಿನಲ್ಲಿ ಕರಗುವಷ್ಟು ಸಕ್ಕರೆ ಕರಗಿ ಮಿಕ್ಕಿದ್ದು ತಳದಲ್ಲಿ ಉಳಿಯುವಂತೆ, ಯೂರಿಕ್ ಆಮ್ಲವು ಸೂಜಿಯಂಥ ಹರಳುಗಳಾಗಿ ಕೀಲುಗಳಲ್ಲಿ ಕೂರಲು ಅವಕಾಶವಾಗುತ್ತದೆ. ಈ ಹರಳುಗಳ ವಿರುದ್ಧ ದೇಹದ ರಕ್ಷಣಾ ವ್ಯವಸ್ಥೆ ಎದ್ದು ನಿಂತಾಗ ಕೀಲು ಕೆಂಪಾಗಿ, ಬಿಸಿಯಾಗಿ, ಊದಿಕೊಂಡು, ಹೊದಿಕೆ ತಾಗಿದರೂ ತಾಳಲಾರದಷ್ಟು ನೋಯುತ್ತದೆ. ಇದೇ ಗೌಟ್. ಯೂರಿಕ್ ಆಮ್ಲ ಹೆಚ್ಚಿರುವುದು ಬೇರೆ, ಗೌಟ್ ಇರುವುದು ಬೇರೆ ಎಂಬುದನ್ನು ಗಮನಿಸಿ. ಅಂಕಿ ಹೆಚ್ಚಿರುವವರಲ್ಲಿ ಬಹುಪಾಲು ಜನರಿಗೆ ಗೌಟ್ ಬರುವುದೇ ಇಲ್ಲ.

ಇನ್ನೊಂದು ಮಾತನ್ನು ಆರಂಭದಲ್ಲಿಯೇ ಹೇಳಬೇಕು, ಏಕೆಂದರೆ ಇದನ್ನು ಮುಚ್ಚಿಟ್ಟು ಬರೆದ ಪಥ್ಯದ ಪಟ್ಟಿಗಳಿಂದ ಅನೇಕರು ವರ್ಷಗಟ್ಟಲೆ ತಮ್ಮನ್ನೇ ದೂರಿಕೊಂಡಿದ್ದಾರೆ. ದೇಹದಲ್ಲಿರುವ ಯೂರಿಕ್ ಆಮ್ಲದ ಸುಮಾರು ಮೂರನೇ ಒಂದು ಪಾಲು ಮಾತ್ರ ಆಹಾರದಿಂದ ಬರುವಂಥದ್ದು. ಉಳಿದದ್ದನ್ನು ದೇಹವೇ ತಯಾರಿಸುತ್ತದೆ. ಅಲ್ಲದೆ ಗೌಟ್ ಇರುವ ಹೆಚ್ಚಿನವರಲ್ಲಿ ಮೂಲ ತೊಂದರೆ ಇರುವುದು ತಯಾರಿಕೆಯಲ್ಲಲ್ಲ, ಮೂತ್ರಪಿಂಡಗಳು ಅದನ್ನು ಸಾಕಷ್ಟು ಹೊರಹಾಕದಿರುವುದರಲ್ಲಿ, ಮತ್ತು ಇದರಲ್ಲಿ ಅನುವಂಶೀಯತೆಯ ಪಾತ್ರ ದೊಡ್ಡದು. ಹೀಗಾಗಿ ಕಟ್ಟುನಿಟ್ಟಾದ ಪಥ್ಯದಿಂದಲೂ ಸಾಮಾನ್ಯವಾಗಿ ಸುಮಾರು 1 ಮಿಲಿಗ್ರಾಂನಷ್ಟು ಇಳಿಕೆ ಸಿಗುತ್ತದೆ. ನಿಮ್ಮ ಅಂಕಿ 7.2 ಇದ್ದರೆ ಈ ಒಂದು ಮಿಲಿಗ್ರಾಂ ಬಹಳ ಮುಖ್ಯ, 9.5 ಇದ್ದರೆ ಪಥ್ಯವೊಂದರಿಂದಲೇ ಗುರಿ ಮುಟ್ಟುವುದು ಕಷ್ಟ, ಅದು ನಿಮ್ಮ ಸಂಯಮದ ಕೊರತೆಯೂ ಅಲ್ಲ.

ಬೇಕಾಗುವ ವಸ್ತುಗಳು

ಇತ್ತೀಚಿನ ಯೂರಿಕ್ ಆಮ್ಲದ ವರದಿ, ಮೂತ್ರಪಿಂಡದ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್ ಪರೀಕ್ಷೆಯ ವರದಿ, ನೀವು ಸೇವಿಸುತ್ತಿರುವ ಎಲ್ಲ ಔಷಧಿಗಳ ಪಟ್ಟಿ, ತೂಕದ ಯಂತ್ರ ಮತ್ತು ಒಂದು ಸಣ್ಣ ನೋಟ್‌ಪುಸ್ತಕ. ದುಬಾರಿ ಪುಡಿಗಳಾಗಲಿ, ‘ಯೂರಿಕ್ ಆಮ್ಲ ಕರಗಿಸುವ’ ಪಾನೀಯಗಳಾಗಲಿ ಈ ಪಟ್ಟಿಯಲ್ಲಿ ಇಲ್ಲ.

ಹಂತ 1: ಇದು ಗೌಟ್ ಹೌದೇ ಎಂದು ಖಚಿತಪಡಿಸಿಕೊಳ್ಳಿ

ಕೀಲು ನೋವು ಮತ್ತು ಹೆಚ್ಚಿದ ಯೂರಿಕ್ ಆಮ್ಲ ಎರಡೂ ಒಟ್ಟಿಗಿದ್ದ ಮಾತ್ರಕ್ಕೆ ನೋವಿಗೆ ಯೂರಿಕ್ ಆಮ್ಲವೇ ಕಾರಣ ಎನ್ನಲಾಗದು. ಗೌಟ್‌ನ ಮೊದಲ ದಾಳಿ ಹೆಚ್ಚಾಗಿ ಕಾಲಿನ ಹೆಬ್ಬೆರಳಿನ ಬುಡದ ಕೀಲಿನಲ್ಲಿ, ಬಹಳ ಸಲ ರಾತ್ರಿಯ ಹೊತ್ತಿನಲ್ಲಿ, ಒಮ್ಮೆಲೇ ಆರಂಭವಾಗಿ ಒಂದು ದಿನದೊಳಗೆ ತುತ್ತತುದಿ ಮುಟ್ಟುತ್ತದೆ. ಒಂದೆರಡು ವಾರಗಳಲ್ಲಿ ತಾನಾಗಿಯೇ ತಗ್ಗುತ್ತದೆ. ತಿಂಗಳುಗಟ್ಟಲೆ ಎಡೆಬಿಡದೆ ಇರುವ ಮಂಡಿ ನೋವು, ಸೊಂಟ ನೋವು, ಬೆಳಗಿನ ಬಿಗಿತ ಇವುಗಳಿಗೆ ಬೇರೆ ಕಾರಣಗಳೇ ಹೆಚ್ಚು. ಖಚಿತವಾದ ಪರೀಕ್ಷೆಯೆಂದರೆ ಊದಿದ ಕೀಲಿನಿಂದ ಸ್ವಲ್ಪ ದ್ರವ ತೆಗೆದು ಸೂಕ್ಷ್ಮದರ್ಶಕದಲ್ಲಿ ಹರಳುಗಳನ್ನು ನೋಡುವುದು. ಅದು ಸಾಧ್ಯವಾಗದಿದ್ದಾಗ ವೈದ್ಯರು ಲಕ್ಷಣಗಳು, ರಕ್ತ ಪರೀಕ್ಷೆ ಮತ್ತು ಅಲ್ಟ್ರಾಸೌಂಡ್‌ನಂಥ ಚಿತ್ರಣಗಳ ಆಧಾರದಿಂದ ನಿರ್ಧರಿಸುತ್ತಾರೆ.

ಇಲ್ಲಿ ಆಗುವ ದೊಡ್ಡ ತಪ್ಪು, ದಾಳಿಯ ದಿನವೇ ರಕ್ತ ಪರೀಕ್ಷೆ ಮಾಡಿಸಿ ‘ಯೂರಿಕ್ ಆಮ್ಲ ಸರಿಯಾಗಿದೆ, ಆದ್ದರಿಂದ ಗೌಟ್ ಅಲ್ಲ’ ಎಂದು ತೀರ್ಮಾನಿಸುವುದು. ದಾಳಿಯ ಸಮಯದಲ್ಲಿ ರಕ್ತದಲ್ಲಿನ ಪ್ರಮಾಣ ತಾತ್ಕಾಲಿಕವಾಗಿ ಇಳಿಯಬಹುದು. ನೋವು ಸಂಪೂರ್ಣ ಹೋದ ಮೇಲೆ, ಕನಿಷ್ಠ ಎರಡು ವಾರ ಬಿಟ್ಟು, ಮತ್ತೊಮ್ಮೆ ಪರೀಕ್ಷಿಸಿದರೆ ನಿಜವಾದ ಅಂಕಿ ತಿಳಿಯುತ್ತದೆ.

ಜ್ವರದೊಂದಿಗೆ ಒಂದೇ ಕೀಲು ಊದಿಕೊಂಡು ಬಿಸಿಯಾಗಿದ್ದರೆ ಪಥ್ಯದ ಯೋಚನೆಯನ್ನು ಬದಿಗಿಟ್ಟು ಅಂದೇ ವೈದ್ಯರ ಬಳಿಗೆ ಹೋಗಿ. ಕೀಲಿನೊಳಗಿನ ಸೋಂಕು ಕೂಡ ಹೀಗೆಯೇ ಕಾಣುತ್ತದೆ, ಮತ್ತು ತಡವಾದರೆ ಕೀಲನ್ನೇ ಹಾಳುಮಾಡುತ್ತದೆ.

ಹಂತ 2: ಗುರಿಯನ್ನು ಬರೆದುಕೊಳ್ಳಿ, ಔಷಧಿಗಳ ಪಟ್ಟಿಯನ್ನು ತೋರಿಸಿ

ಗೌಟ್ ಇರುವವರಿಗೆ ಗುರಿ 6 ಮಿಲಿಗ್ರಾಂಗಿಂತ ಕಡಿಮೆ. ಟೋಫೈ, ಅಂದರೆ ಹರಳುಗಳು ಚರ್ಮದಡಿಯಲ್ಲಿ ಗಟ್ಟಿಯಾಗಿ ಕೂಡಿಕೊಂಡ ಗಂಟುಗಳು ಇರುವವರಲ್ಲಿ, 5ಕ್ಕಿಂತ ಕೆಳಗೆ ತರಲು ವೈದ್ಯರು ಪ್ರಯತ್ನಿಸುವುದುಂಟು. ಪ್ರಯೋಗಾಲಯದ ವರದಿಯಲ್ಲಿ ಪುರುಷರಿಗೆ 7ರವರೆಗೆ ಸಾಮಾನ್ಯ ಎಂದು ಮುದ್ರಿಸಿದ್ದರೆ ಅದನ್ನು ನೋಡಿ ಸಮಾಧಾನಪಡಬೇಡಿ. ಆ ಮಿತಿ ಜನಸಾಮಾನ್ಯರ ಸರಾಸರಿಯಿಂದ ಬಂದದ್ದು, ನಿಮ್ಮ ಕೀಲಿನಲ್ಲಿರುವ ಹರಳು ಕರಗಬೇಕಾದರೆ ಅಂಕಿ 6.8ಕ್ಕಿಂತ ಸಾಕಷ್ಟು ಕೆಳಗಿರಬೇಕು.

ರಕ್ತದೊತ್ತಡಕ್ಕೆಂದು ಕೊಡುವ, ಮೂತ್ರವನ್ನು ಹೆಚ್ಚಿಸುವ ಥಯಾಜೈಡ್ ಗುಂಪಿನ ಮಾತ್ರೆಗಳು ಮತ್ತು ಹೃದಯರಕ್ಷಣೆಗೆಂದು ಕೊಡುವ ಕಡಿಮೆ ಪ್ರಮಾಣದ ಆಸ್ಪಿರಿನ್ ಯೂರಿಕ್ ಆಮ್ಲವನ್ನು ಏರಿಸುತ್ತವೆ. ಇದಕ್ಕೆ ವಿರುದ್ಧವಾಗಿ, ಲೊಸಾರ್ಟಾನ್ ಎಂಬ ರಕ್ತದೊತ್ತಡದ ಮಾತ್ರೆ ಅದನ್ನು ಸ್ವಲ್ಪ ಇಳಿಸುತ್ತದೆ. ಊಟದಲ್ಲಿ ತಿಂಗಳುಗಟ್ಟಲೆ ಹೆಣಗಿ ಪಡೆಯುವ ಇಳಿಕೆ ಕೆಲವೊಮ್ಮೆ ಒಂದು ಮಾತ್ರೆಯ ಬದಲಾವಣೆಯಿಂದ ಸಿಗಬಹುದು ಎಂಬ ಕಾರಣಕ್ಕೆ ಈ ಪಟ್ಟಿಯನ್ನು ಪಥ್ಯಕ್ಕಿಂತ ಮೊದಲೇ ತೋರಿಸಿ ಎನ್ನುತ್ತಿದ್ದೇನೆ. ಆದರೆ ಬದಲಾಯಿಸುವ ನಿರ್ಧಾರ ವೈದ್ಯರದು. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಅನ್ನು ಗೌಟ್‌ನ ಭಯದಿಂದ ನೀವಾಗಿಯೇ ನಿಲ್ಲಿಸುವುದು ಅಪಾಯಕಾರಿ.

ಹಂತ 3: ಒಂದು ವಾರ ಏನನ್ನೂ ಬದಲಿಸದೆ ಬರೆದಿಡಿ

ತಿಂದದ್ದು, ಕುಡಿದದ್ದು, ಕೈಬಿಟ್ಟ ಊಟ ಎಲ್ಲವನ್ನೂ ಅಂದಂದೇ ಬರೆಯಿರಿ. ಪಾನೀಯಗಳನ್ನು ಮರೆಯುವವರೇ ಹೆಚ್ಚು. ಊಟದ ತಟ್ಟೆಯನ್ನು ನೆನಪಿಟ್ಟುಕೊಂಡವರು ನಡುವೆ ಕುಡಿದ ಲೋಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಂದಿನ ದಾಳಿಗಳು ನೆನಪಿದ್ದರೆ ಅವುಗಳ ಹಿಂದಿನ ಒಂದೆರಡು ದಿನ ಏನಾಗಿತ್ತು ಎಂಬುದನ್ನೂ ಗುರುತಿಸಿ: ಔತಣ, ಮದ್ಯ, ಉಪವಾಸ, ಬಿಸಿಲಿನಲ್ಲಿ ದೀರ್ಘ ಪ್ರಯಾಣ, ಶಸ್ತ್ರಚಿಕಿತ್ಸೆ, ವಾಂತಿಭೇದಿ, ಹೊಸ ಮಾತ್ರೆ. ಈ ಪುಸ್ತಕವನ್ನು ಮುಂದಿನ ಹಂತಗಳಲ್ಲೂ ಇಟ್ಟುಕೊಳ್ಳಿ.

ಹಂತ 4: ತಟ್ಟೆಗಿಂತ ಮೊದಲು ಲೋಟವನ್ನು ಸರಿಪಡಿಸಿ

ನನ್ನ ಅಭಿಪ್ರಾಯದಲ್ಲಿ ಇಡೀ ಪಥ್ಯದಲ್ಲಿ ಅತಿ ಹೆಚ್ಚು ಫಲ ಕೊಡುವ ಹಂತ ಇದು, ಅತಿ ಹೆಚ್ಚು ಜನ ದಾಟಿಹೋಗುವ ಹಂತವೂ ಇದೇ.

ಮದ್ಯ ಒಂದಕ್ಕಿಂತ ಹೆಚ್ಚು ದಾರಿಗಳಿಂದ ಕೆಡುಕು ಮಾಡುತ್ತದೆ. ಅದು ದೇಹದಲ್ಲಿ ಕರಗುವಾಗ ಪ್ಯೂರಿನ್ ಒಡೆಯುವಿಕೆ ಹೆಚ್ಚುತ್ತದೆ. ಅದರಿಂದ ಹೆಚ್ಚುವ ಲ್ಯಾಕ್ಟಿಕ್ ಆಮ್ಲವು ಮೂತ್ರಪಿಂಡದಲ್ಲಿ ಯೂರಿಕ್ ಆಮ್ಲದ ಹೊರಹರಿವನ್ನು ತಡೆಯುತ್ತದೆ. ಸಾಲದ್ದಕ್ಕೆ ದೇಹದ ನೀರೂ ಕಡಿಮೆಯಾಗುತ್ತದೆ. ಬಿಯರ್‌ನಲ್ಲಿ ಇವೆಲ್ಲದರ ಜೊತೆಗೆ ಅದರದೇ ಆದ ಪ್ಯೂರಿನ್ ಕೂಡ ಇರುವುದರಿಂದ ಅದು ಎಲ್ಲಕ್ಕಿಂತ ಕೆಟ್ಟದ್ದು. ವೈನ್ ಸುರಕ್ಷಿತ ಎಂಬ ಮಾತು ಆಗಾಗ ಕೇಳಿಬರುತ್ತದೆ. ಹೊಸದಾಗಿ ಗೌಟ್ ಬರುವ ಸಾಧ್ಯತೆಯನ್ನು ನೋಡಿದ ಅಧ್ಯಯನವೊಂದರಲ್ಲಿ ಮಿತವಾದ ವೈನ್‌ಗೆ ಸಂಬಂಧ ಕಾಣಲಿಲ್ಲವಾದರೂ, ಈಗಾಗಲೇ ಗೌಟ್ ಇರುವವರಲ್ಲಿ ದಾಳಿಯನ್ನು ಕೆರಳಿಸುವ ವಿಷಯದಲ್ಲಿ ವೈನ್ ಸೇರಿದಂತೆ ಎಲ್ಲ ಬಗೆಯ ಮದ್ಯಗಳೂ ತಪ್ಪಿತಸ್ಥವೆಂದು ಆಮೇಲಿನ ಅಧ್ಯಯನ ತೋರಿಸಿದೆ. ದಾಳಿಗಳು ಹತೋಟಿಗೆ ಬರುವವರೆಗೆ ಪೂರ್ತಿಯಾಗಿ ಬಿಡುವುದೇ ಸರಳವಾದ ನಿಯಮ. ಪ್ರತಿದಿನ ಹೆಚ್ಚು ಕುಡಿಯುವ ಅಭ್ಯಾಸವಿರುವವರು ಮಾತ್ರ ಒಮ್ಮೆಲೇ ನಿಲ್ಲಿಸದೆ ವೈದ್ಯರ ನೆರವಿನಿಂದ ನಿಲ್ಲಿಸಬೇಕು, ಏಕೆಂದರೆ ಹಠಾತ್ ನಿಲುಗಡೆಯಿಂದ ನಡುಕ, ಸೆಳವುಗಳಂಥ ತೊಂದರೆಗಳು ಬರಬಹುದು.

ಎರಡನೆಯದು ಫ್ರಕ್ಟೋಸ್. ಇದು ಹಣ್ಣು, ಜೇನು ಮತ್ತು ಸಾಮಾನ್ಯ ಸಕ್ಕರೆಯಲ್ಲಿರುವ ಒಂದು ಬಗೆಯ ಸಕ್ಕರೆ; ತಂಪು ಪಾನೀಯಗಳಿಗೆ ಬಳಸುವ ಮೆಕ್ಕೆಜೋಳದ ಪಾಕದಲ್ಲಿ ಇದರ ಪ್ರಮಾಣ ಹೆಚ್ಚು. ಪ್ಯೂರಿನ್ ಒಂದಿಷ್ಟೂ ಇಲ್ಲದ ಸಿಹಿನೀರು ಯೂರಿಕ್ ಆಮ್ಲವನ್ನು ಹೇಗೆ ಏರಿಸುತ್ತದೆ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ: ಯಕೃತ್ತು ಫ್ರಕ್ಟೋಸನ್ನು ಬಳಸಿಕೊಳ್ಳುವಾಗ ಎಟಿಪಿ ಎಂಬ, ಕೋಶದ ಶಕ್ತಿವಸ್ತು ವೇಗವಾಗಿ ಖರ್ಚಾಗುತ್ತದೆ, ಎಟಿಪಿಯ ಮೂಲದಲ್ಲಿರುವುದೇ ಪ್ಯೂರಿನ್, ಹಾಗಾಗಿ ಅದರ ಉಳಿಕೆ ಯೂರಿಕ್ ಆಮ್ಲವಾಗುತ್ತದೆ. ಅಮೆರಿಕದ ಪುರುಷರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ದಿನಕ್ಕೆ ಎರಡು ಅಥವಾ ಹೆಚ್ಚು ಸಲ ಸಕ್ಕರೆ ಹಾಕಿದ ತಂಪು ಪಾನೀಯ ಕುಡಿಯುವವರಲ್ಲಿ, ಅಪರೂಪಕ್ಕೆ ಕುಡಿಯುವವರಿಗೆ ಹೋಲಿಸಿದರೆ, ಗೌಟ್ ಬರುವ ಸಾಧ್ಯತೆ ಶೇ. 85ರಷ್ಟು ಹೆಚ್ಚಿತ್ತು. ಹಣ್ಣಿನ ರಸಕ್ಕೂ ಇಂಥದೇ ಸಂಬಂಧ ಕಂಡುಬಂದಿತ್ತು.

ಇದರರ್ಥ ಹಣ್ಣನ್ನೇ ಬಿಡಬೇಕೆಂದಲ್ಲ. ಇಡೀ ಹಣ್ಣನ್ನು ಅಗಿದು ತಿಂದಾಗ ಅದರ ನಾರಿನಿಂದಾಗಿ ಸಕ್ಕರೆ ನಿಧಾನವಾಗಿ ಸೇರುತ್ತದೆ, ಪ್ರಮಾಣವೂ ತಾನಾಗಿ ಮಿತಿಯಲ್ಲಿರುತ್ತದೆ. ದಿನಕ್ಕೆ ಒಂದೆರಡು ಹಣ್ಣು ತಿನ್ನಿ, ರಸ ಹಿಂಡಬೇಡಿ. ಸಕ್ಕರೆಯ ಬದಲು ಜೇನು ಬಳಸಿದರೆ ಪರವಾಗಿಲ್ಲ ಎಂಬ ನಂಬಿಕೆಯೂ ತಪ್ಪು. ಈ ಒಂದು ವಿಷಯದಲ್ಲಿ ಜೇನು ಸಕ್ಕರೆಗಿಂತ ಒಳ್ಳೆಯದಲ್ಲ. ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆದ ರಸದ ಪೊಟ್ಟಣದಲ್ಲೂ ಹಣ್ಣಿನದೇ ಫ್ರಕ್ಟೋಸ್ ಧಾರಾಳವಾಗಿರುತ್ತದೆ.

ಕಾಫಿ ಕುಡಿಯುವ ಅಭ್ಯಾಸವಿದ್ದರೆ, ಸಕ್ಕರೆ ಕಡಿಮೆ ಮಾಡಿ ಮುಂದುವರಿಸಿ. ಕಾಫಿ ಹೆಚ್ಚು ಕುಡಿಯುವವರಲ್ಲಿ ಗೌಟ್ ಕಡಿಮೆ ಎಂದು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಅಭ್ಯಾಸವಿಲ್ಲದವರು ಅದನ್ನು ಔಷಧಿಯೆಂದು ಆರಂಭಿಸುವ ಅಗತ್ಯವಿಲ್ಲ.

ಹಂತ 5: ಮಾಂಸ ಮತ್ತು ಮೀನಿನ ಪ್ರಮಾಣವನ್ನು ಇಳಿಸಿ

ಮಾಂಸಾಹಾರಿಗಳಿಗೆ ಮಾತ್ರ ಸಂಬಂಧಿಸಿದ ಹಂತ ಇದು. 100 ಗ್ರಾಂ ಆಹಾರದಲ್ಲಿ 200 ಮಿಲಿಗ್ರಾಂಗಿಂತ ಹೆಚ್ಚು ಪ್ಯೂರಿನ್ ಇದ್ದರೆ ಅದನ್ನು ಅಧಿಕ ಪ್ಯೂರಿನ್ ಆಹಾರ ಎನ್ನಬಹುದು. ಪ್ರಾಣಿಗಳ ಯಕೃತ್ತು, ಮೂತ್ರಪಿಂಡ ಮುಂತಾದ ಒಳಾಂಗಗಳು, ಸಾರ್ಡೀನ್ ಮತ್ತು ಆಂಚೊವಿಯಂಥ ಸಣ್ಣ ಮೀನುಗಳು, ಒಣಮೀನು ಈ ಗುಂಪಿಗೆ ಸೇರುತ್ತವೆ. ಇವನ್ನು ಬಿಡಿ. ಕುರಿ, ದನ, ಹಂದಿ, ಕೋಳಿಯ ಸಾಮಾನ್ಯ ಮಾಂಸ, ಸಿಗಡಿ ಮತ್ತು ಬೇರೆ ಮೀನುಗಳು ಹೆಚ್ಚಾಗಿ ಮಧ್ಯಮ ಗುಂಪಿನವು. ಇವನ್ನು ವಾರದಲ್ಲಿ ಕೆಲವೇ ದಿನ, ಒಂದು ಹೊತ್ತಿಗೆ ಅಂಗೈಯಷ್ಟು ತುಂಡಿಗೆ ಮಿತಿಗೊಳಿಸಿ. ಕೆಂಪು ಮಾಂಸ ಬಿಟ್ಟು ಅಷ್ಟೇ ಪ್ರಮಾಣದ ಕೋಳಿ ತಿಂದರೆ ಪ್ಯೂರಿನ್ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸವಾಗುವುದಿಲ್ಲ, ಪ್ರಮಾಣವೇ ಮುಖ್ಯ.

ಮಾಂಸವನ್ನು ನೀರಿನಲ್ಲಿ ಕುದಿಸಿದಾಗ ಪ್ಯೂರಿನ್‌ನ ಒಂದು ಭಾಗ ನೀರಿಗೆ ಇಳಿಯುತ್ತದೆ. ಆ ನೀರನ್ನು ಚೆಲ್ಲಿದರೆ ಅಷ್ಟು ಲಾಭ. ಆದರೆ ಅನೇಕರು ಮಾಡುವುದು ಇದಕ್ಕೆ ವಿರುದ್ಧ: ತುಂಡುಗಳನ್ನು ಬಿಟ್ಟು, ಹಗುರವೆಂದುಕೊಂಡು ಮಾಂಸದ ಅಥವಾ ಎಲುಬಿನ ಸೂಪ್ ಕುಡಿಯುತ್ತಾರೆ. ನೋವಿರುವ ಕೀಲಿಗೆ ಎಲುಬಿನ ಸೂಪ್ ಒಳ್ಳೆಯದು ಎಂಬ ಸಲಹೆ ಗೌಟ್ ಇರುವವರಿಗೆ ತಕ್ಕದ್ದಲ್ಲ. ಯೀಸ್ಟ್ ಸಾರದಿಂದ ಮಾಡಿದ ಪೂರಕಗಳು ಮತ್ತು ಸ್ವಾದವರ್ಧಕಗಳಲ್ಲಿಯೂ ಪ್ಯೂರಿನ್ ಅಧಿಕ.

ಹಂತ 6: ಬಿಡಬೇಕಿಲ್ಲದ್ದನ್ನು ತಟ್ಟೆಗೆ ಮರಳಿ ತನ್ನಿ

ಪಾಲಕ್, ಹೂಕೋಸು, ಅಣಬೆ, ಬಟಾಣಿ, ಬೇಳೆಕಾಳುಗಳಲ್ಲಿ ಪ್ಯೂರಿನ್ ಇರುವುದು ನಿಜ, ಹಳೆಯ ಪಟ್ಟಿಗಳಲ್ಲಿ ಇವು ಸೇರಿದ್ದೂ ಅದೇ ಕಾರಣಕ್ಕೆ. ಆದರೆ ಪ್ಯೂರಿನ್ ಇದೆ ಎಂಬುದಕ್ಕೂ, ಅದನ್ನು ತಿಂದವರಿಗೆ ಗೌಟ್ ಬರುತ್ತದೆ ಎಂಬುದಕ್ಕೂ ನಡುವೆ ಅಂತರವಿದೆ. 2004ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾದ ಅಧ್ಯಯನವು ಗೌಟ್ ಇಲ್ಲದ 47,150 ಪುರುಷರನ್ನು 12 ವರ್ಷ ಹಿಂಬಾಲಿಸಿತು. ಈ ಅವಧಿಯಲ್ಲಿ 730 ಮಂದಿಗೆ ಹೊಸದಾಗಿ ಗೌಟ್ ಬಂತು. ಮಾಂಸ ಅತಿ ಹೆಚ್ಚು ತಿನ್ನುವ ಗುಂಪಿನಲ್ಲಿ, ಅತಿ ಕಡಿಮೆ ತಿನ್ನುವ ಗುಂಪಿಗಿಂತ, ಗೌಟ್‌ನ ಸಾಧ್ಯತೆ ಶೇ. 41ರಷ್ಟೂ ಸಮುದ್ರಾಹಾರ ಹೆಚ್ಚು ತಿನ್ನುವವರಲ್ಲಿ ಶೇ. 51ರಷ್ಟೂ ಹೆಚ್ಚಿತ್ತು. ಆದರೆ ಪ್ಯೂರಿನ್ ಹೆಚ್ಚಿರುವ ತರಕಾರಿಗಳನ್ನು ಧಾರಾಳವಾಗಿ ತಿಂದವರಲ್ಲಿ ಗೌಟ್ ಹೆಚ್ಚಲಿಲ್ಲ. ಹಾಲಿನ ಪದಾರ್ಥಗಳನ್ನು ಹೆಚ್ಚು ಬಳಸಿದವರಲ್ಲಿಯಂತೂ ಅದು ಕಡಿಮೆಯೇ ಇತ್ತು, ಅದರಲ್ಲೂ ಕೊಬ್ಬು ಕಡಿಮೆಯಿರುವ ಹಾಲಿನಿಂದ.

ಆದ್ದರಿಂದ ತರಕಾರಿಗಳನ್ನು ಹೆದರದೆ ತಿನ್ನಿ. ಬೇಳೆಕಾಳುಗಳನ್ನು ಸಾಮಾನ್ಯ ಊಟದ ಪ್ರಮಾಣದಲ್ಲಿ ಇಟ್ಟುಕೊಳ್ಳಿ. ಸಸ್ಯಾಹಾರಿಗಳು ಬೇಳೆಯನ್ನು ಪೂರ್ತಿ ಬಿಟ್ಟು ಪ್ರೋಟೀನ್ ಕೊರತೆಗೆ ಒಳಗಾಗುವುದು ಈ ಪಥ್ಯದ ಹೆಸರಿನಲ್ಲಿ ನಡೆಯುವ ಅತ್ಯಂತ ಅನವಶ್ಯಕ ಹಾನಿ. ಕೆನೆ ತೆಗೆದ ಹಾಲು, ಮೊಸರು, ಮಜ್ಜಿಗೆ ಒಳ್ಳೆಯವು. ಮೊಟ್ಟೆಯಲ್ಲಿ ಪ್ಯೂರಿನ್ ನಗಣ್ಯ. ಅಕ್ಕಿ, ಗೋಧಿಯಂಥ ಧಾನ್ಯಗಳಿಂದಲೂ ತೊಂದರೆಯಿಲ್ಲ. ಟೊಮೇಟೊದಲ್ಲಿ ಪ್ಯೂರಿನ್ ಬಹಳ ಕಡಿಮೆ. ಕೆಲವು ರೋಗಿಗಳು ಅದರಿಂದ ದಾಳಿ ಬಂತೆಂದು ಹೇಳುವುದುಂಟು. ನಿಮ್ಮ ನೋಟ್‌ಪುಸ್ತಕದಲ್ಲಿ ಮತ್ತೆ ಮತ್ತೆ ಹಾಗೆ ಕಂಡರೆ ಬಿಡಿ, ಕಾಣದಿದ್ದರೆ ಬೇರೆಯವರ ಮಾತಿಗೆ ಬಿಡಬೇಡಿ.

ಚೆರ್ರಿ ಹಣ್ಣಿನ ಬಗ್ಗೆ ಕೇಳುವವರು ಬಹಳ. 633 ಗೌಟ್ ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿಂದಿನ ಎರಡು ದಿನ ಚೆರ್ರಿ ತಿಂದಿದ್ದಾಗ ದಾಳಿಯ ಸಾಧ್ಯತೆ ಶೇ. 35ರಷ್ಟು ಕಡಿಮೆಯಿತ್ತು. ಸುಲಭವಾಗಿ ಸಿಗುವುದಾದರೆ ತಿನ್ನಿ. ಹುಡುಕಿಕೊಂಡು ಹೋಗುವಷ್ಟು ಗಟ್ಟಿಯಾದ ಆಧಾರ ಅದಲ್ಲ, ಸಿಹಿ ಸೇರಿಸಿದ ಚೆರ್ರಿ ರಸವಂತೂ ನಾಲ್ಕನೇ ಹಂತದ ನಿಯಮವನ್ನೇ ಮುರಿಯುತ್ತದೆ. ವಿಟಮಿನ್ ಸಿ ಮಾತ್ರೆಗಳನ್ನು ಗೌಟ್‌ಗೆಂದು ಸೇವಿಸಬೇಕಿಲ್ಲ ಎಂಬುದು ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿಯ 2020ರ ಮಾರ್ಗಸೂಚಿಯ ನಿಲುವು. ಅಡುಗೆ ಸೋಡಾವನ್ನು ನೀರಿಗೆ ಹಾಕಿ ದಿನವೂ ಕುಡಿಯುವ ಮನೆಮದ್ದಿನಿಂದ ದೇಹಕ್ಕೆ ಸೋಡಿಯಂ ವಿಪರೀತ ಸೇರಿ ರಕ್ತದೊತ್ತಡ ಏರಬಹುದು; ಅದನ್ನು ಮಾಡಬೇಡಿ.

ಹಂತ 7: ತೂಕವನ್ನು ಇಳಿಸಿ, ಆದರೆ ಅವಸರಪಡಬೇಡಿ

ತೂಕ ಹೆಚ್ಚಿರುವವರಲ್ಲಿ ದೇಹ ಯೂರಿಕ್ ಆಮ್ಲವನ್ನು ಹೆಚ್ಚು ತಯಾರಿಸುತ್ತದೆ, ಕಡಿಮೆ ಹೊರಹಾಕುತ್ತದೆ. ಹಾಗಾಗಿ ತೂಕ ಇಳಿದಂತೆ ಅಂಕಿಯೂ ಇಳಿಯುತ್ತದೆ. ಆದರೆ ಉತ್ಸಾಹದಿಂದ ದಿನವಿಡೀ ಉಪವಾಸ ಮಾಡಿದರೆ ಅಥವಾ ಧಾನ್ಯವನ್ನು ಸಂಪೂರ್ಣ ಬಿಟ್ಟು ಕೊಬ್ಬು ಮಾಂಸಗಳ ಮೇಲೆ ನಿಂತರೆ ರಕ್ತದಲ್ಲಿ ಕೀಟೋನ್‌ಗಳು ಹೆಚ್ಚುತ್ತವೆ. ದೇಹ ತನ್ನ ಕೊಬ್ಬನ್ನು ಉರಿಸಿಕೊಳ್ಳುವಾಗ ಹುಟ್ಟುವ ಈ ಆಮ್ಲಗಳು ಮೂತ್ರಪಿಂಡದಲ್ಲಿ ಯೂರಿಕ್ ಆಮ್ಲದ ದಾರಿಗೆ ಅಡ್ಡ ಬರುತ್ತವೆ. ‘ಊಟ ಬಿಟ್ಟರೂ ದಾಳಿ ಬಂತು’ ಎಂದು ಅಚ್ಚರಿಪಡುವವರಿಗೆ ಕಾರಣ ಇದೇ: ದಾಳಿ ಬಂದದ್ದು ಊಟ ಬಿಟ್ಟದ್ದರಿಂದಲೇ. ವಾರಕ್ಕೆ ಅರ್ಧದಿಂದ ಒಂದು ಕಿಲೋಗಿಂತ ಹೆಚ್ಚು ಇಳಿಯದಂತೆ ನೋಡಿಕೊಳ್ಳಿ. ಉಪವಾಸದ ಆಚರಣೆಯನ್ನು ಬಿಡಲಾಗದವರು ಕನಿಷ್ಠ ನೀರನ್ನು ಬಿಡಬಾರದು, ಮತ್ತು ಮುರಿಯುವಾಗ ಭಾರೀ ಔತಣ ಮಾಡಬಾರದು.

ನಡಿಗೆ, ಈಜು, ಸೈಕಲ್ ಒಳ್ಳೆಯವು. ಊದಿರುವ ಕೀಲಿಗೆ ಮಾತ್ರ ವ್ಯಾಯಾಮ ಬೇಡ.

ಹಂತ 8: ನೀರು

ದಿನಕ್ಕೆ ಸುಮಾರು 2 ಲೀಟರ್ ಮೂತ್ರ ಬರುವಷ್ಟು ನೀರು ಕುಡಿಯುವುದು ಗುರಿ. ಯೂರಿಕ್ ಆಮ್ಲದ ಕಲ್ಲುಗಳು ಮೂತ್ರಪಿಂಡದಲ್ಲಿ ಕಟ್ಟಿದ ಇತಿಹಾಸವಿದ್ದರೆ ಇದು ಇನ್ನೂ ಮುಖ್ಯ. ಮೂತ್ರ ತಿಳಿಹಳದಿಯಾಗಿದ್ದರೆ ಸಾಕು, ಲೀಟರ್ ಲೆಕ್ಕ ಹಾಕುತ್ತ ಕೂರಬೇಕಿಲ್ಲ. ನೀರು ಹೆಚ್ಚು ಕುಡಿದ ಮಾತ್ರಕ್ಕೆ ಕೀಲಿನ ಹರಳುಗಳು ತೊಳೆದುಹೋಗುವುದಿಲ್ಲ ಎಂಬುದೂ ತಿಳಿದಿರಲಿ.

ಹಂತ 9: ದಾಳಿ ಬಂದ ದಿನ

ದಾಳಿಯ ನಡುವೆ ಪಥ್ಯದಿಂದ ನೋವು ಇಳಿಯುವುದಿಲ್ಲ. ಆಗ ಬೇಕಾಗುವುದು ಉರಿಯೂತ ತಗ್ಗಿಸುವ ಔಷಧಿ: ವೈದ್ಯರು ಕೊಲ್ಚಿಸಿನ್, ಸ್ಟೀರಾಯ್ಡ್ ಅಥವಾ ಐಬುಪ್ರೊಫೆನ್‌ನಂಥ ನೋವುನಿವಾರಕ ಗುಂಪಿನ ಮಾತ್ರೆಗಳಲ್ಲಿ ಒಂದನ್ನು ಕೊಡುತ್ತಾರೆ. ಮೊದಲ ದಿನವೇ ಆರಂಭಿಸಿದರೆ ಫಲ ಚೆನ್ನಾಗಿರುತ್ತದೆ, ಆದ್ದರಿಂದ ದಾಳಿ ಮರುಕಳಿಸುವವರು ಯಾವ ಮಾತ್ರೆ, ಎಷ್ಟು ಎಂಬುದನ್ನು ಮೊದಲೇ ಬರೆಸಿಟ್ಟುಕೊಳ್ಳುವುದು ಒಳ್ಳೆಯದು. ಮೂತ್ರಪಿಂಡದ ತೊಂದರೆ, ಹೊಟ್ಟೆಯ ಹುಣ್ಣು ಅಥವಾ ರಕ್ತ ತೆಳುವಾಗಿಸುವ ಔಷಧಿ ಇರುವವರು ಔಷಧಿ ಅಂಗಡಿಯಿಂದ ನೋವಿನ ಮಾತ್ರೆಯನ್ನು ತಾವಾಗಿಯೇ ತಂದು ನುಂಗಬಾರದು. ನೋವಿಗೆಂದು ಆಸ್ಪಿರಿನ್ ಬೇಡ.

ಕಾಲನ್ನು ಎತ್ತರದಲ್ಲಿರಿಸಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಆಗಾಗ ಸ್ವಲ್ಪ ಹೊತ್ತು ಇಡಿ. ಬಿಸಿ ಶಾಖ, ಎಣ್ಣೆ ಹಾಕಿ ತಿಕ್ಕುವುದು ಬೇಡ. ಊಟ ಬಿಡಬೇಡಿ, ಹಗುರವಾಗಿ ಹೊತ್ತು ಹೊತ್ತಿಗೆ ತಿನ್ನಿ. ಯೂರಿಕ್ ಆಮ್ಲ ಇಳಿಸುವ ಮಾತ್ರೆಯನ್ನು ಈಗಾಗಲೇ ಸೇವಿಸುತ್ತಿದ್ದರೆ ದಾಳಿ ಬಂತೆಂದು ಅದನ್ನು ನಿಲ್ಲಿಸಬೇಡಿ.

ಹಂತ 10: ಮರುಪರೀಕ್ಷೆ, ಮತ್ತು ಮಾತ್ರೆಯ ಪ್ರಶ್ನೆ

ನಾಲ್ಕರಿಂದ ಎಂಟರವರೆಗಿನ ಹಂತಗಳನ್ನು ಎರಡು ಮೂರು ತಿಂಗಳು ಪಾಲಿಸಿದ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಪರೀಕ್ಷೆಯ ಹಿಂದಿನ ದಿನ ಮಾತ್ರ ವಿಶೇಷ ಪಥ್ಯ ಮಾಡಿ ಅಂಕಿ ಚೆನ್ನಾಗಿ ಬರುವಂತೆ ನೋಡಿಕೊಳ್ಳುವವರಿದ್ದಾರೆ; ಅದರಿಂದ ವೈದ್ಯರಿಗೆ ತಪ್ಪು ಚಿತ್ರ ಸಿಗುತ್ತದೆ, ಅಷ್ಟೇ.

ಅಂಕಿ ಮಾತ್ರ ಹೆಚ್ಚಿದ್ದು, ಎಂದೂ ದಾಳಿ ಬಂದಿಲ್ಲದಿದ್ದರೆ, ಸಾಮಾನ್ಯವಾಗಿ ಮಾತ್ರೆಯ ಅಗತ್ಯವಿಲ್ಲ. ಪಥ್ಯ ಮುಂದುವರಿಸಿ, ರಕ್ತದೊತ್ತಡ, ಸಕ್ಕರೆ, ಮೂತ್ರಪಿಂಡಗಳ ಕಡೆ ಗಮನವಿಡಿ. ಆದರೆ ವರ್ಷಕ್ಕೆ ಎರಡು ಅಥವಾ ಹೆಚ್ಚು ದಾಳಿಗಳು, ಟೋಫೈ ಗಂಟುಗಳು ಅಥವಾ ಎಕ್ಸ್-ರೇಯಲ್ಲಿ ಗೌಟ್‌ನಿಂದಾದ ಹಾನಿ ಇದ್ದರೆ ಪಥ್ಯವೊಂದನ್ನೇ ನೆಚ್ಚಿ ಕಾಲ ಕಳೆಯಬಾರದು. ಹೆಚ್ಚಾಗಿ ಮೊದಲು ಕೊಡುವ ಮಾತ್ರೆ ಅಲೋಪ್ಯುರಿನಾಲ್. ಇದನ್ನು ದಿನಕ್ಕೆ 100 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿಂದ ಆರಂಭಿಸಿ, ಅಂಕಿ 6ರ ಕೆಳಗೆ ಬರುವವರೆಗೆ ಮೆಲ್ಲನೆ ಏರಿಸುತ್ತಾರೆ. ಆರಂಭದ ತಿಂಗಳುಗಳಲ್ಲಿ ಹಳೆಯ ಹರಳುಗಳು ಕರಗತೊಡಗುವುದರಿಂದ ದಾಳಿಗಳು ಹೆಚ್ಚುವುದು ಸಹಜ, ಅದನ್ನು ತಡೆಯಲೆಂದೇ ಮೂರರಿಂದ ಆರು ತಿಂಗಳು ಕಡಿಮೆ ಪ್ರಮಾಣದ ಕೊಲ್ಚಿಸಿನ್‌ನಂಥ ಔಷಧಿಯನ್ನು ಜೊತೆಗೆ ಕೊಡುತ್ತಾರೆ. ‘ಮಾತ್ರೆ ಶುರುಮಾಡಿದ ಮೇಲೆ ನೋವು ಜಾಸ್ತಿಯಾಯಿತು’ ಎಂದು ನಿಲ್ಲಿಸುವವರು ಸರಿಯಾಗಿ ಈ ಹೊತ್ತಿನಲ್ಲಿಯೇ ನಿಲ್ಲಿಸುತ್ತಾರೆ. ಚರ್ಮದಲ್ಲಿ ದದ್ದು, ಬಾಯಿಹುಣ್ಣು ಅಥವಾ ಜ್ವರ ಕಂಡರೆ ಮಾತ್ರ ಮಾತ್ರೆಯನ್ನು ಕೂಡಲೇ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಬೇಕು. ಅಪರೂಪವಾದರೂ ತೀವ್ರವಾದ ಅಲರ್ಜಿಯ ಲಕ್ಷಣ ಅದಾಗಿರಬಹುದು.

ಅಂಕಿ 5.5ಕ್ಕೆ ಬಂತೆಂದು ಮಾತ್ರೆಯನ್ನು ನಿಲ್ಲಿಸಿದರೆ ಅದು ಹೆಚ್ಚಿನವರಲ್ಲಿ ಮತ್ತೆ ಏರುತ್ತದೆ, ಏಕೆಂದರೆ ಆ ಅಂಕಿಯನ್ನು ಹಿಡಿದಿಟ್ಟಿದ್ದು ಮಾತ್ರೆಯೇ. ಗುರಿ ಮುಟ್ಟಿದ ಮೇಲೂ ವರ್ಷಕ್ಕೆ ಒಂದೆರಡು ಸಲ ಪರೀಕ್ಷಿಸಿಕೊಳ್ಳುವುದು ಸಾಕು. ಮಾತ್ರೆಯಿಂದ ಅಂಕಿ ಸ್ಥಿರವಾಗಿ 6ರ ಕೆಳಗಿದ್ದು, ಒಂದು ವರ್ಷ ದಾಳಿಯಿಲ್ಲದೆ ಕಳೆದಿದ್ದರೆ ಐದನೇ ಹಂತದ ಬಿಗಿಯನ್ನು ವೈದ್ಯರೊಂದಿಗೆ ಮಾತನಾಡಿ ಸ್ವಲ್ಪ ಸಡಿಲಿಸಬಹುದು. ನಾಲ್ಕನೇ ಹಂತದ ಸಿಹಿ ಪಾನೀಯ ಮತ್ತು ಮದ್ಯದ ವಿಷಯದಲ್ಲಿ, ತೂಕ ಮತ್ತು ಯಕೃತ್ತಿನ ದೃಷ್ಟಿಯಿಂದಲೂ, ಆ ಸಡಿಲಿಕೆಯನ್ನು ಕೇಳದಿರುವುದೇ ಲೇಸು.